ಸಾವಿನ ಪೆಟ್ಟಿಗೊಂದು ಮುಕ್ತಾಯ

ನಮ್ಮ ಬೇವಿನಕೊಪ್ಪಲಿನಲ್ಲಿ ಯಾರಾದರೂ ಸತ್ತರೆ ಮೊದಲು ಅಳುವುದು ಮನೆಯವರಲ್ಲ, ನಮ್ಮ ಕೇರಿಯ ತಮಟೆ. ತಮಟೆ ಬಡಿಯುವ ತನಕ ಯಾರೂ ಸತ್ತ ಲೆಕ್ಕವಲ್ಲ. ಸಾವಿನ ಪೆಟ್ಟು ಕಿವಿಗೆ ಬಿದ್ದೊಡನೆ ಊರಿನ ಒಲೆಗಳೆಲ್ಲ ಆರಬೇಕು. ಗುಡಿಯ ಬಾಗಿಲು ಮುಚ್ಚಬೇಕು. ಹೆಣ ಗಡಿ ದಾಟುವವರೆಗೆ ಒಂದು ಮನೆಯಲ್ಲೂ ಹೊಗೆ ಏಳಬಾರದು. ಇದು ಊರು ಮಾಡಿಕೊಂಡ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇದೆ. ದಾರಿಯಲ್ಲಿ ಚಟ್ಟ ಇಳಿಸಿ ತಮಟೆ ಬಡಿದರೆ, ಆ ಪೆಟ್ಟು ನಿಲ್ಲುವ ತನಕ ಚಟ್ಟ ಎತ್ತುವಂತಿಲ್ಲ. ಅದಕ್ಕೇ ಊರಿನವರು ನಮ್ಮವರನ್ನು ಬೈಯುತ್ತಿದ್ದರು. "ಬಿರ್‍ನೆ ಮುಗಿಸ್ರಲಾ, ಬಿಸ್ಲು ಏರ್ತಾ ಅದೆ."

ಆ ತಮಟೆ ಬಡಿಯುತ್ತಿದ್ದವನು ನನ್ನ ಗಂಡ ಮಾದಯ್ಯ. ನಾನು ಅಂಕಮ್ಮ. ಊರಿನಲ್ಲಿ ದನ ಸತ್ತರೆ ಎಳೆಯುವವರು ನಾವು. ತೊಗಲು ಸುಲಿಯುವವರು ನಾವು. ಅದನ್ನು ಹದ ಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಕಾಯಿಸಿ ಬಡಿಯುವವರೂ ನಾವೇ. ಮಾದಯ್ಯ ಹೆಣದ ಮುಂದೆ ಹಿಮ್ಮುಖವಾಗಿ ನಡೆಯಬೇಕು, ಬರಿಗಾಲಲ್ಲಿ, ಕಾದ ಮಣ್ಣಿನ ಮೇಲೆ. ಬೆರಳು ಒಡೆದು ತಮಟೆಯ ಮೇಲೆ ರಕ್ತ ಅಂಟಿರುತ್ತಿತ್ತು. ಎಲ್ಲ ಮುಗಿದ ಮೇಲೆ ಹಿತ್ತಲ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಡಿಲೊಡ್ಡಿದರೆ ಮಿಕ್ಕ ಅನ್ನ ಮೇಲಿನಿಂದ ಬೀಳುತ್ತಿತ್ತು. ಬಿಸಿ ಅನ್ನ ಮಡಿಲಿಗೆ ಬಿದ್ದರೆ ತೊಡೆ ಸುಡುತ್ತದೆ. ಅದನ್ನು ತಿಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಸತ್ತವರಿಗೆ ಬೇಕಾದ ವಾದ್ಯ ನಮ್ಮ ಕೇರಿಯದು. ಬದುಕಿದ್ದವರ ಹಾಡು ಮಾತ್ರ ಊರಿನ ಭಜನೆ ಮನೆಯದು. ಅದರ ಮುಂದೆ ಒಂದು ಚರಂಡಿ. ಚರಂಡಿಯಿಂದಾಚೆಗೆ ನಾವು.

ನನ್ನ ಮಗಳು ದೇವೀರಮ್ಮನಿಗೆ ಆಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ವಯಸ್ಸು. ಒಂದು ಶನಿವಾರ ಸಗಣಿ ಬುಟ್ಟಿ ಹೊತ್ತು ಬರುತ್ತಿದ್ದವಳು ಚರಂಡಿಯ ಈಚೆ ನಿಂತು ಭಜನೆ ಕೇಳಿದ್ದಾಳೆ. ಕೇಳಿದವಳು ಸುಮ್ಮನಿದ್ದಾಳೆಯೇ? ದನಿಗೂಡಿಸಿದ್ದಾಳೆ. ಅವಳ ಗಂಟಲು ಒಳಗಿನವರ ಗಂಟಲನ್ನು ದಾಟಿ ಮೇಲೆ ಹೋಗಿದೆ. ತಾಳ ನಿಂತಿದೆ. ಪಟೇಲ ಅಪ್ಪಾಜಿಗೌಡರು ಎದ್ದು ಹೊರಗೆ ಬಂದಿದ್ದಾರೆ.

"ಯಾರ್ಲಾ ಅದು ಗಂಟ್ಲು ಬುಡ್ತಿರೋದು?"

ಪಕ್ಕದಲ್ಲಿ ಕಟ್ಟಿದ್ದ ಅವರ ಕೆಂದೆತ್ತಿನ ಮುಂದಿನಿಂದ ಒಂದು ಹಿಡಿ ಹುಲ್ಲು ತೆಗೆದು ಮಗುವಿನ ಹಲ್ಲಿಗೆ ಕಚ್ಚಿಸಿ, ಮಂಗಳಾರತಿ ಆಗುವವರೆಗೆ ಹಾಗೇ ನಿಲ್ಲು ಎಂದಿದ್ದಾರೆ. ನಾನು ಗದ್ದೆಯಿಂದ ಬರುವ ಹೊತ್ತಿಗೆ ಭಜನೆ ಮುಗಿದು ಬಾಗಿಲು ಹಾಕಿಯಾಗಿತ್ತು. ಬೀದಿಯಲ್ಲಿ ಒಬ್ಬರೂ ಇಲ್ಲ. ನನ್ನ ಮಗಳು ಇನ್ನೂ ಹುಲ್ಲು ಕಚ್ಚಿಕೊಂಡೇ ನಿಂತಿದ್ದಳು. ತೆಗೆ ಅಂತ ಅವಳಿಗೆ ಹೇಳುವವರಿರಲಿಲ್ಲ. ಅವರವರ ಪಾಡಿಗೆ ಪ್ರಸಾದ ತಿಂದು ಮನೆಗೆ ಹೋಗಿದ್ದರು.

ನಾನು ಹುಲ್ಲು ಕಿತ್ತು ಎಸೆದೆ. ಎತ್ತಿಕೊಂಡು ಬಂದೆ. ಅವತ್ತಿನಿಂದ ದೇವೀರಿ ಹಾಡುವುದನ್ನು ಬಿಟ್ಟಳು. ರಾಗಿ ಬೀಸುವಾಗ ನಾನು ಪದ ಎತ್ತಿಕೊಟ್ಟರೂ ತುಟಿ ಬಿಚ್ಚುತ್ತಿರಲಿಲ್ಲ. ನಾನೊಬ್ಬಳೇ ಪದ ಮುಗಿಸುತ್ತಿದ್ದೆ.

ಆ ಬೇಸಗೆಯಲ್ಲೇ ದೇವಯ್ಯ ಬಂದದ್ದು.

ದೇವಯ್ಯ ನಮ್ಮ ಕೇರಿಯವನೇ. ಚಿಕ್ಕಂದಿನಲ್ಲಿ ನಾಟಕ ಕಂಪನಿಯ ಗಾಡಿಯ ಹಿಂದೆ ಓಡಿಹೋದವನು. ಪರದೆ ಎಳೆದ, ಗ್ಯಾಸ್‌ಲೈಟಿಗೆ ಗಾಳಿ ಹೊಡೆದ, ಮೇಷ್ಟರು ಮಲಗಿದಾಗ ಹಾರ್ಮೋನಿಯಂ ಕದ್ದು ನುಡಿಸಿ ಕಲಿತ. ಮಳವಳ್ಳಿಯಲ್ಲಿ ಕಂಪನಿ ಮುಳುಗಿತು. ಯಜಮಾನ ಸಂಬಳದ ಬದಲು ಆ ಹಾರ್ಮೋನಿಯಂ ಕೊಟ್ಟು ಕೈತೊಳೆದುಕೊಂಡ. ಅದನ್ನು ತಲೆಯ ಮೇಲೆ ಹೊತ್ತು, ಬೈತಲೆ ತೆಗೆದ ಉದ್ದ ಕೂದಲು ಬಿಟ್ಟುಕೊಂಡು, ನಡೆದೇ ಬಂದ. ಮಕ್ಕಳು ಭೂತ ಕಂಡ ಹಾಗೆ ಓಡಿದವು. ನಾಯಿಗಳು ಓಡಲಿಲ್ಲ, ಕಚ್ಚಲು ಬಂದವು.

ಹಾರ್ಮೋನಿಯಂ ಕೂಡ ಅವನ ಹಾಗೇ ಸವೆದಿತ್ತು. ತಿದಿ ಹರಿದಿತ್ತು. ಮಾದಯ್ಯ ಮೇಕೆಮರಿಯ ತೆಳು ತೊಗಲು ಅಂಟಿಸಿ ಸರಿಮಾಡಿದ. ಆದರೂ ಒಂದು ಸ್ವರದ ಮನೆ ಬಾಯಿ ಬಿಡಲಿಲ್ಲ. ಸ, ರಿ ಬರುತ್ತಿತ್ತು, ಗ ಬರುತ್ತಿರಲಿಲ್ಲ, ಮತ್ತೆ ಮ, ಪ ಬರುತ್ತಿತ್ತು. ಗ ಬರಬೇಕಾದಲ್ಲೆಲ್ಲ ದೇವಯ್ಯ ತಾನೇ ಬಾಯಿ ತೆರೆದು ಗಟ್ಟಿಯಾಗಿ ಗಾ ಅನ್ನುತ್ತಿದ್ದ. ನೋಡಿದವರಿಗೆ ನಗೆ ತಡೆಯುವುದಕ್ಕೆ ಆಗುತ್ತಿರಲಿಲ್ಲ.

ಹುಲ್ಲಿನ ಸಂಗತಿ ಕೇಳಿ ಅವನು ನಗಲಿಲ್ಲ. ದೇವೀರಿಯನ್ನು ಕರೆದು ಮುಂದೆ ಕೂರಿಸಿಕೊಂಡ.

"ಅಂಕಮ್ಮಕ್ಕ, ಈ ಮಗ ಬಾಯಿ ಬುಡೋಗಂಟ ನಾನು ಈ ಊರು ಬುಡಾಕಿಲ್ಲ. ಇದೊಂದಕ್ಕೇ ಅಲ್ಲ, ಕೇರಿ ಮಕ್ಕಳಿಗೆಲ್ಲ ಇಸ್ಕೂಲು ಮಾಡ್ತೀನಿ. ಸಂಗೀತದ ಇಸ್ಕೂಲು."

"ನಿಂಗೇನ್ ಕೊಡ್ಬೇಕಪ್ಪಾ?" ಎಂದಳು ಚಲುವಮ್ಮ. ಕೇರಿಯ ಸೋಬಾನೆ ಪದಗಳಿಗೆಲ್ಲ ಅವಳೇ ಒಡತಿ, ಹಲ್ಲಿಲ್ಲದ ಮುದುಕಿ.

"ಏನೂ ಬ್ಯಾಡ ಕಣವ್ವ. ಪುಕ್ಕಟೆ. ಒತ್ತಿಗೊಂದು ಮುದ್ದೆ ಆಕು."

"ಮುದ್ದೆ ಆಕ್ತೀವಿ. ಆದ್ರೆ ಆ ಕೂದ್ಲು ಕಟ್ಕೊ. ಸಾರೊಳಕ್ಕೆ ಬಿದ್ದಾತು."

ಜಾಗ ಕೊಟ್ಟವನು ನೀರುಗಂಟಿ ಚೌಡಯ್ಯ. ನಾಲೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವುದು ಅವನ ಕೆಲಸ. ಅವನಿಗೆ ನಾಲೆಯ ಏರಿ ಅಂಗೈ ಗೆರೆಯಷ್ಟು ಗೊತ್ತು. "ಊರೊಳಗೆ ಕಟ್ಟುದ್ರೆ ಪಟೇಲ ಕಿತ್ತಾಕ್ತನೆ. ಏರಿ ಮಗ್ಗುಲಲ್ಲಿ ಕಟ್ರಿ. ಅದು ನಾಲೆ ಇಲಾಖೇದು. ಅಲ್ಲಿ ಅವನ ಮೀಸೆ ನಡೆಯಾಕಿಲ್ಲ" ಎಂದ. ಊರಿನ ಸುಡುಗಾಡಿಗೆ ಹೋಗುವ ದಾರಿ ಅದೇ ಏರಿಯ ಮೇಲೆ. ಯಾರೂ ಆಸೆಪಡದ ಜಾಗ. ನಮಗೆ ಅದೇ ಒಳ್ಳೆಯದಾಯಿತು.

ಕಬ್ಬಿನ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಬಗ್ಗಿದ ಬೆನ್ನು. ಸೋಗೆ ಕೊಯ್ದ ಗೀರುಗಳು ಕೈತುಂಬ. ಅದೇ ಕೈಯಲ್ಲಿ ಬಂದು ಮಣ್ಣು ಕಲೆಸಿದೆವು. ಹೆಂಗಸರು ತುಳಿದೆವು, ಗಂಡಸರು ಉಂಡೆ ಮಾಡಿ ಗೋಡೆ ಏರಿಸಿದರು. ಬೇರೆಯವರ ಗೋಡೆಗೆ ಹೊತ್ತ ಮಣ್ಣು ತಲೆಗೆ ಭಾರ. ಇದು ಭಾರ ಅನ್ನಿಸಲಿಲ್ಲ, ಇದು ಸುಳ್ಳಲ್ಲ. ಪಕ್ಕದೂರು ಕೊತ್ತತ್ತಿಯ ಕೇರಿಯವರು ಬಿದಿರು ಕಳಿಸಿದರು. ಪ್ರತಿ ಮನೆಯಿಂದ ಕಬ್ಬಿನ ಒಣಸೋಗೆಯ ಹೊರೆ ಬಂತು. ಶಾಲೆಯ ಬಾಗಿಲಲ್ಲಿ ಒಂದು ಗಡಿಗೆ ಇಟ್ಟೆವು. ರಾಗಿ ಬೀಸುವ ಮುನ್ನ ಪ್ರತಿಯೊಬ್ಬಳೂ ಒಂದು ಹಿಡಿ ಅದಕ್ಕೆ ಹಾಕಬೇಕು, ಮಕ್ಕಳ ಅಂಬಲಿಗೆ. ಹಾಕಿದಳೋ ಇಲ್ಲವೋ ಎಂದು ನೋಡಲು ಚಲುವಮ್ಮ ಗಡಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದಳು. ಅವಳ ಬಾಯಿಗೆ ಹೆದರಿ ಎರಡು ಹಿಡಿ ಹಾಕಿದವರೂ ಇದ್ದರು.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿ ಮೂರು ವರ್ಷವಾಗಿತ್ತು. ಸೋಮನಹಳ್ಳಿ ಕಡೆಯಿಂದ ಒಬ್ಬ ಖಾದಿ ಟೋಪಿಯವನು ನಮ್ಮ ಶಾಲೆ ಕಟ್ಟುವುದನ್ನು ನೋಡಲು ಬಂದ. ಏರಿಯ ಮೇಲೆ ನಿಂತು ಹರಿಜನರ ಉದ್ಧಾರದ ಬಗ್ಗೆ ಬಹಳ ಹೊತ್ತು ಮಾತನಾಡಿದ. ಮಾತು ಚೆನ್ನಾಗಿಯೇ ಇತ್ತು. ಚಲುವಮ್ಮ ಕೇಳಿ ಕೇಳಿ ಸೋತು, "ಮಾತು ಸಾಕು ಕಣಪ್ಪ, ಆ ಸೋಗೆ ವರೆ ಎತ್ಕೊಡು ಬಾ" ಎಂದಳು. ಪಾಪ, ಅವನು ಎತ್ತಿಕೊಟ್ಟ. ಬಿಳಿ ಜುಬ್ಬವೆಲ್ಲ ದೂಳು. ಆಮೇಲೆ ನಮ್ಮ ಮಡಕೆಯ ನೀರನ್ನೂ ಕುಡಿದ. ಕುಡಿಯುವಾಗ ಕಣ್ಣು ಮುಚ್ಚಿಕೊಂಡ, ಆದರೆ ಕುಡಿದ.

ಶಾಲೆ ಶುರುವಾಯಿತು. ದೇವಯ್ಯ ಇದ್ದಿಲಿನಲ್ಲಿ ಗೋಡೆಯ ಮೇಲೆ ಸ ರಿ ಗ ಮ ಬರೆದ. ನಾನು ಅಕ್ಷರ ಕಲಿತದ್ದು ಆ ಗೋಡೆ ನೋಡಿಯೇ. ಅವನು ತಿದಿ ಒತ್ತುತ್ತ ಸ, ರಿ ನುಡಿಸಿ ಕೈ ಎತ್ತುತ್ತಿದ್ದ. ಮಕ್ಕಳೆಲ್ಲ ಒಟ್ಟಿಗೆ ಗಾ ಎಂದು ಕಿರುಚಬೇಕು. ಗ ಕೂಗುವುದು ಮಕ್ಕಳ ಜವಾಬ್ದಾರಿ. ನಾಲ್ಕು ದಿನ ದೇವೀರಿ ತುಟಿ ಬಿಗಿದು ಕೂತಿದ್ದಳು. ಒಂದು ದಿನ ಪಕ್ಕದ ಹುಡುಗಿ ಗ ಕೂಗುವ ಬದಲು ಸೀನಿದಳು. ಎಲ್ಲರೂ ನಕ್ಕರು. ಗ ಹಾಗೇ ಖಾಲಿ ಬಿತ್ತು. ಆ ಖಾಲಿಯನ್ನು ದೇವೀರಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದಳು. ಗ ಬಂತು. ಏರಿಯ ಆಚೆ ಕಳೆ ಕೀಳುತ್ತಿದ್ದ ನನಗೆ ಕೇಳಿಸಿತು. ಕೆಸರಿನಲ್ಲೇ ಕೂತು ಅತ್ತೆ. ಮೇಸ್ತ್ರಿ, "ಏನಮ್ಮಿ, ಆವು ಕಚ್ತಾ?" ಎಂದ.

ಮೃದಂಗ ಇರಲಿಲ್ಲ. "ತಮಟೆ ಐತಲ್ಲ" ಎಂದ ದೇವಯ್ಯ. "ಮೃದಂಗ ಏನು ಬಂಗಾರದ್ದಾ? ಅದೂ ತೊಗಲೇ." ಹುಡುಗಿಯರು ತಮಟೆ ಮುಟ್ಟುವುದು ನಮ್ಮಲ್ಲಿ ಇಲ್ಲ. ಮಾದಯ್ಯ ತಲೆ ಕೆರೆದುಕೊಂಡ. ದೇವೀರಿ ಅವನ ಕೈಯಿಂದ ಕಸಿದುಕೊಂಡಳು. ಮದುವೆ ಪೆಟ್ಟು ಕಲಿತಳು, ದೇವರ ಪೆಟ್ಟು ಕಲಿತಳು, ಮನೆಯಲ್ಲಿ ಮಡಕೆ ಬೋರಲು ಹಾಕಿ ಅಪ್ಪನ ಕೈ ನೋಡಿ ಸಾವಿನ ಪೆಟ್ಟನ್ನೂ ಕಲಿತಳು. ಮಡಕೆಯ ಸದ್ದು ಮನೆ ದಾಟುವುದಿಲ್ಲ. ಅದಕ್ಕೆ ನಾವು ಸುಮ್ಮನಿದ್ದೆವು.

ದೇವಯ್ಯ ಆ ಪೆಟ್ಟು ಕೇಳಿ ಹುಚ್ಚಾದ. "ಅಬ್ಬಬ್ಬ! ಎಂತಾ ನಡೆ! ಇಂತಾ ತಾಳಾನ ಎಣಗಳಿಗೆ ಕೇಳಿಸಿ ಆಳು ಮಾಡ್ತಾ ಅವ್ರಲ್ಲ!" ಎಂದ. ಕಂಪನಿಯ ಗೀಳು, ಅದಕ್ಕೊಂದು ಮುಕ್ತಾಯ ಸೇರಿಸಿದ. ಮೂರು ಸಲ ತಿರುಗಿ ಬಂದು ಧಡ್ ಎಂದು ನಿಲ್ಲುವ, ರಾಜ ಸಿಂಹಾಸನ ಏರುವಾಗ ಬಾರಿಸುವಂಥ ಮುಕ್ತಾಯ. ಊರು ಬಿಟ್ಟು ಎಷ್ಟೋ ಕಾಲವಾಗಿದ್ದ ಅವನು, ಆ ಪೆಟ್ಟಿಗೆ ಊರಿನ ಒಲೆಗಳು ಆರುತ್ತವೆ ಎನ್ನುವುದನ್ನು ಮರೆತೇಬಿಟ್ಟಿದ್ದ. ಅವತ್ತು ಮಾದಯ್ಯ ಮದ್ದೂರಿಗೆ ಹೋಗಿದ್ದ. ದೇವಯ್ಯ ಮಕ್ಕಳ ಕೈಗೆಲ್ಲ ತಮಟೆ ಕೊಟ್ಟು, ಕಾಯಿಸಿ, ಎಲ್ಲರಿಂದ ಒಟ್ಟಿಗೆ ಬಾರಿಸಿದ. ಗಾಳಿ ಊರಿನ ಕಡೆ ಬೀಸುತ್ತಿತ್ತು.

ನಾನು ಪಟೇಲರ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದೆ. ಸಾವಿನ ಪೆಟ್ಟು ಕೇಳಿದ ಕೂಡಲೇ ಗಂಡಾಳುಗಳು ತಲೆವಸ್ತ್ರ ತೆಗೆದು ಕುಡುಗೋಲು ಕೆಳಗಿಟ್ಟರು. ನಾನೂ ಇಟ್ಟೆ. ಯಾರಿರಬಹುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಪೆಟ್ಟು ಮೂರು ಸಲ ತಿರುಗಿ ಧಡ್ ಎಂದು ನಿಂತಿತು. ಸಾವಿನ ಪೆಟ್ಟಿಗೆ ಯಾರೂ ಮುಕ್ತಾಯ ಹಾಕುವುದಿಲ್ಲ. ಇದು ದೇವಯ್ಯನ ಕೆಲಸವೇ ಎಂದು ನನಗೆ ಹೊಳೆಯಿತು.

ಅಷ್ಟರಲ್ಲಿ ಊರು ಮಾಡಬೇಕಾದ್ದೆಲ್ಲ ಮಾಡಿ ಮುಗಿಸಿತ್ತು. ಒಲೆಗಳಿಗೆ ನೀರು ಸುರಿದಿದ್ದರು. ಎಸರಿಗೆ ಹಾಕಿದ ಹಿಟ್ಟು ಅರ್ಧ ಬೆಂದು ಗಂಟಾಗಿ ಕೂತಿತ್ತು. ಪೂಜಾರಿ ದೇವರಿಗೆ ಒಂದು ಕಣ್ಣು ಬರೆದು ಇನ್ನೊಂದು ಬರೆಯುವ ಮೊದಲೇ ಗುಡಿ ಬಾಗಿಲು ಎಳೆದಿದ್ದ. ಅರ್ಧ ಬೋಳಿಸಿಕೊಂಡ ತಲೆಗಳು ಬೀದಿಯಲ್ಲಿ ಓಡಾಡುತ್ತಿದ್ದವು. ಪಟೇಲರ ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಪಾಕಕ್ಕೆ ಬರುತ್ತಿತ್ತು. ಕಟ್ಟಳೆ ಎಂದರೆ ಕಟ್ಟಳೆ, ಒಲೆ ಕೆದಕಿ ಬೆಂಕಿ ಆರಿಸಿದರು. ಪಾಕ ಕೆಟ್ಟಿತು. ಬೆಲ್ಲವಾಗಲಿಲ್ಲ, ಹಾಲಾಗಿಯೂ ಉಳಿಯಲಿಲ್ಲ.

ಸತ್ತವರು ಯಾರು ಎಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಪಟೇಲರ ಅಪ್ಪ ಚಿಕ್ಕಬೋರೇಗೌಡರು ಆ ಚಳಿಗಾಲದಿಂದ ಕೆಮ್ಮುತ್ತಿದ್ದರು. ಎಲ್ಲರೂ ಅವರ ಮನೆಗೆ ನುಗ್ಗಿದರು. ಸೊಸೆಯರು ಎದೆ ಬಡಿದುಕೊಂಡು ಹೊರಗೆ ಬಂದರು. ಅಳುತ್ತ ಅಳುತ್ತಲೇ ಹಿತ್ತಾಳೆ ಹಂಡೆ ಯಾರಿಗೆ ಎಂಬ ಮಾತೂ ಒಂದು ಕಡೆ ನಡೆದಿತ್ತು. ಕೊತ್ತತ್ತಿಯ ನೆಂಟರು ಗಾಡಿ ಕಟ್ಟಿಕೊಂಡು ಹೂವಿನ ಹಾರದ ಸಮೇತ ಬಂದರು.

ಮುದುಕರು ಹಿತ್ತಲ ಬಿಸಿಲಿನಲ್ಲಿ ಕೂತು ಕಬ್ಬಿನ ಹಾಲು ಕುಡಿಯುತ್ತಿದ್ದರು.

"ಯಾರ್ಲಾ ಸತ್ತೋರು?" ಎಂದು ಕೇಳಿದರು.

ಎಲ್ಲರೂ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಕೊನೆಗೆ ಒಬ್ಬ ಆಳು, "ನೀವೇ ಬುದ್ದಿ" ಎಂದ.

ಮುದುಕರು ಲೋಟ ಕೆಳಗಿಟ್ಟು ಸುತ್ತ ನೋಡಿದರು. "ಅಂಗಾ? ಅಳಿ, ಅಳಿ. ಯಾಕ್ ನಿಲ್ಸುದ್ರಿ? ಯಾರ್‍ಯಾರು ಎಷ್ಟೆಷ್ಟು ಅಳ್ತೀರಿ ನೋಡ್ಕತೀನಿ."

ಊರಿಗೆ ಊರೇ ನಗಬಹುದಿತ್ತು. ಪಟೇಲರು ನಗಲಿಲ್ಲ. ಅವತ್ತೇ ಸಂಜೆ ಅರಳಿಕಟ್ಟೆಗೆ ಕೇರಿಯನ್ನು ಕರೆಸಿದರು. ಅವರು ಕಟ್ಟೆಯ ಮೇಲೆ, ನಾವು ನೆಲದ ಮೇಲೆ. ಅವರ ಕೆಂದೆತ್ತು ಪಕ್ಕದಲ್ಲಿ ಮೆಲುಕು ಹಾಕುತ್ತಿತ್ತು.

"ಒಲಗೇರಿಗೆ ಸಂಗೀತ ಬೇರೆ ಕೇಡು" ಎಂದರು ಪಟೇಲರು. "ಬದುಕಿರೋ ನಮ್ಮಪ್ಪನ್ನ ಸಾಯಿಸಿದ್ರಲ್ಲಾ! ನಾಳೆ ಒತ್ತು ಮೂಡೋದ್ರೊಳಗೆ ಆ ಗುಡ್ಲು ಕೀಳ್ಬೇಕು. ತಮಟೆ ಮುಟ್ಟಿದ ಮಕ್ಕಳೆಲ್ಲ ನನ್ನಟ್ಟಿ ಮುಂದೆ ಉಲ್ಲು ಕಚ್ಚಿ ನಿಲ್ಬೇಕು. ಮೊದ್ಲು ಆ ಮಾದನ ಮಗಳು. ಅದಕ್ಕೆ ಅಬ್ಯಾಸ ಅದೆ."

ಅಭ್ಯಾಸವಂತೆ. ಅಷ್ಟು ಹೇಳಿ ಅವರೇ ಎತ್ತಿನ ಮುಂದಿನಿಂದ ಒಂದು ಹಿಡಿ ಹುಲ್ಲು ಎತ್ತಿ ನಮ್ಮ ಕಡೆ ಎಸೆದರು. ಅದು ದೇವೀರಿಯ ಕಾಲ ಹತ್ತಿರ ಬಿತ್ತು. ಅವಳು ನನ್ನ ಸೀರೆ ಹಿಡಿದುಕೊಂಡಳು. ನನಗೆ ಮತ್ತೇನೂ ಬೇಕಾಗಲಿಲ್ಲ.

ನಾನು ಬಗ್ಗಿದೆ. ಹುಲ್ಲು ಎತ್ತಿಕೊಂಡೆ. ಕಟ್ಟೆಯ ಹತ್ತಿರಕ್ಕೆ ನಡೆದೆ. ಯಾರೋ "ದೂರ, ದೂರ" ಎಂದರು. ನಾನು ನಿಲ್ಲಲಿಲ್ಲ. ಹುಲ್ಲನ್ನು ಕೆಂದೆತ್ತಿನ ಮುಂದೆ ಹಾಕಿದೆ.

"ಉಲ್ಲು ತಿನ್ನೋದು ನಿಮ್ಮೆತ್ತು ಬುದ್ದಿ. ನನ್ ಮಗಳು ಪದ ಆಡ್ತಾಳೆ."

ಎತ್ತು ಹುಲ್ಲು ತಿಂದಿತು. ಅದಕ್ಕೇನು, ಯಾರ ಕೈಯಿಂದ ಬಂದರೂ ಹುಲ್ಲೇ.

ಅಷ್ಟು ಹೊತ್ತಿಗೆ ಮದ್ದೂರಿನಿಂದ ಬಂದಿದ್ದ ಮಾದಯ್ಯನಿಗೆ ಬಾಯಿ ಸತ್ತವನು ಎಂದೇ ಹೆಸರು. ಜನ್ಮದಲ್ಲಿ ಊರಿನವರ ಮುಖ ನೋಡಿ ಮಾತಾಡಿದವನಲ್ಲ. ಅವನು ಹೆಗಲಿನ ತಮಟೆ ತೆಗೆದು ಎದೆಗೆ ಅವಚಿಕೊಂಡ. "ಇವತ್ತಿಂದ ಇದು ಇಸ್ಕೂಲ್ದು. ನಿಮ್ ಸಾವ್ಗೆ ನಾವ್ ಬರಾಕಿಲ್ಲ" ಎಂದ. ಅಷ್ಟೇ. ಎದ್ದು ನಡೆದ. ಕೇರಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ಅವನ ಹಿಂದೆ ನಡೆದರು. ಚಲುವಮ್ಮ ಕೊನೆಗೆ ಎದ್ದು, ಹಲ್ಲಿಲ್ಲದ ಬಾಯಲ್ಲಿ ಕಟ್ಟೆಗೆ ಕೇಳುವ ಹಾಗೆ ಒಂದು ಸೋಬಾನೆ ಪದ ಎತ್ತಿಕೊಂಡಳು. ದಾರಿಯುದ್ದಕ್ಕೂ ನಾವೆಲ್ಲ ದನಿಗೂಡಿಸಿದೆವು.

ಮರುದಿನದಿಂದ ಊರಿನಲ್ಲಿ ನಮಗೆ ಕೂಲಿ ಇಲ್ಲ. ಗುಡಿಸಲು ಕೀಳಲು ಪಟೇಲರ ಆಳುಗಳು ಬಂದರು. ಚೌಡಯ್ಯ ಏರಿಯ ಮೇಲೆ ಅಡ್ಡ ನಿಂತು, "ಇಲಾಖೆ ಜಾಗ. ಒಂದು ಸೋಗೆ ಮುಟ್ಟಿ, ಸಾಯೇಬರ್‍ಗೆ ಯೋಳ್ತೀನಿ" ಎಂದ. ಸಾಹೇಬರು ಯಾರು, ಎಲ್ಲಿದ್ದಾರೆ ಎಂದು ಚೌಡಯ್ಯನಿಗೂ ಗೊತ್ತಿರಲಿಲ್ಲ. ಆಳುಗಳು ವಾಪಸು ಹೋದರು. ನಾವು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ದೂರದ ಗದ್ದೆಗಳಿಗೆ ನಡೆದು ಹೋಗಿ ಬಂದೆವು. ಹೊಟ್ಟೆಗೆ ಕಡಿಮೆಯಾಯಿತು. ಆದರೆ ಬಾಗಿಲ ಗಡಿಗೆ ಬರಿದಾಗಲಿಲ್ಲ. ಕೊತ್ತತ್ತಿ ಕೇರಿಯಿಂದ, ಮದ್ದೂರಿನ ಆಚೆಯ ಕೇರಿಗಳಿಂದಲೂ ರಾಗಿ ಬಂತು. ರಾಗಿಯ ಜೊತೆಗೆ ಮಕ್ಕಳೂ ಬಂದರು. ಗ ಕೂಗುವವರು ಎಷ್ಟಾದರೆಂದರೆ ನಾಲೆಯ ಕೊಕ್ಕರೆಗಳು ಜಾಗ ಬದಲಾಯಿಸಿದವು.

ಪಟೇಲರು ಮಳವಳ್ಳಿ ಕಡೆಯಿಂದ ಬೇರೆ ತಮಟೆಯವರನ್ನು ಕರೆಸಿದರು. ಅವರು ಏರಿಯ ಮೇಲೆ ಬರುತ್ತ ಶಾಲೆ ಕಂಡು ನಿಂತರು. ಸಂಗತಿ ಕೇಳಿದರು. ಊರಿಗೆ ಹೋಗಲೇ ಇಲ್ಲ. ಮಕ್ಕಳ ಜೊತೆ ಅಂಬಲಿ ಕುಡಿದು, ತಮ್ಮ ಕಡೆಯ ಪೆಟ್ಟುಗಳನ್ನು ಹೇಳಿಕೊಟ್ಟು, ಒಂದು ಹಳೆಯ ತಮಟೆಯನ್ನು ಶಾಲೆಗೆ ಬಿಟ್ಟು ಹಿಂದಕ್ಕೆ ಹೋದರು.

ದಿನಾ ಬರುತ್ತಿದ್ದ ಇನ್ನೊಬ್ಬರು ಚಿಕ್ಕಬೋರೇಗೌಡರು. ಕೋಲೂರಿಕೊಂಡು, ಬಿಸಿಲು ಕಾಯುವ ನೆವದಲ್ಲಿ ಬಂದು ಏರಿಯ ಆಚೆ ಬದಿಯ ಬೇವಿನ ಮರದಡಿ ಕೂರುತ್ತಿದ್ದರು. "ಲೇ ದೇವೀರಿ, ಆ ಕೊನೇದು ಇನ್ನೊಂದ್ ಸಲ ಬುಡು" ಎನ್ನುತ್ತಿದ್ದರು. ದೇವೀರಿ ಮುಕ್ತಾಯ ಬಾರಿಸುತ್ತಿದ್ದಳು. "ನನ್ ಸಾವಿನ್ ಪೆಟ್ಟ ನನ್ನಂಗೆ ಕೂತ್ಕಂಡು ಕೇಳ್ದೋನು ಈ ಸೀಮೇಲೇ ಇಲ್ಲ" ಎಂದು ನಗುತ್ತಿದ್ದರು. ಮುದುಕರು ನಮಗೇನೂ ಕೊಡಲಿಲ್ಲ, ಮಗನಿಗೆ ಬುದ್ಧಿಯನ್ನೂ ಹೇಳಲಿಲ್ಲ. ಕೇಳಿದರು, ಅಷ್ಟೇ. ಮಕ್ಕಳು ಅವರನ್ನು ತಾತ ಎಂದು ಕರೆಯತೊಡಗಿದವು.

ಒಂದು ಬೆಳಿಗ್ಗೆ ಅವರು ಬರಲಿಲ್ಲ. ನಿಜವಾಗಿಯೂ ಹೋಗಿಬಿಟ್ಟಿದ್ದರು.

ತಮಟೆ ಬಡಿಯಲಿಲ್ಲ. ಆದ್ದರಿಂದ ಊರಿಗೆ ಅವರು ಸಾಯಲಿಲ್ಲ. ಪಟೇಲರು ಆಳುಗಳನ್ನು ಅಟ್ಟಿದರು, ಯಾರೂ ನಂಬಲಿಲ್ಲ. ಪಟೇಲರೇ ತಲೆಯ ಮೇಲೆ ವಲ್ಲಿ ಹಾಕಿಕೊಂಡು ಮನೆಮನೆಗೆ ಹೋದರು. "ನಮ್ಮಪ್ಪ ಓಗ್ಬುಟ್ರು ಕಣ್ರಪ್ಪ." ಒಲೆಯ ಮುಂದಿನ ಹೆಂಗಸರು, "ಅಯ್ಯೋ ಬುಡಪ್ಪ, ಓದ್ ಸಲಾನೂ ಇಂಗೇ ಓಡ್ಬಂದು ಮುದ್ದೆ ಕೆಡಿಸ್ಕಂಡೋ" ಎಂದು ಕೋಲು ತಿರುಗಿಸಿದರು. ಗುಡಿಯ ಗಂಟೆ ಬಾರಿಸುತ್ತಲೇ ಇತ್ತು. ಕೊತ್ತತ್ತಿಯ ನೆಂಟರು, "ಮೊದ್ಲು ತಮಟೆ ಕೇಳ್ಸಿ, ಆಮೇಕೆ ಗಾಡಿ ಕಟ್ತೀವಿ" ಎಂದು ಹೇಳಿ ಕಳಿಸಿದರಂತೆ. ಊರಿನ ಹೊಗೆಯೆಲ್ಲ ನೆಟ್ಟಗೆ ಏಳುತ್ತಿರುವಾಗ ಹೆಣ ಎತ್ತುವುದು ಹೇಗೆ?

ಬಿಸಿಲು ಏರುವ ಹೊತ್ತಿಗೆ ಪಟೇಲರು ಶಾಲೆಗೆ ಬಂದರು. ನಾನು ಎರಡನೆಯ ಕೋಣೆಗೆ ಮಣ್ಣು ತುಳಿಯುತ್ತಿದ್ದೆ. ಮೊಣಕಾಲವರೆಗೆ ಕೆಸರು. ಅವರು ಅಂಗಳದ ಹೊರಗೆ ನಿಂತರು. ಕಣ್ಣು ಕೆಂಪಗಾಗಿತ್ತು. ಅಪ್ಪ ಸತ್ತ ಮಗನ ಕಣ್ಣು ಯಾರದಾದರೂ ಹಾಗೇ ಇರುತ್ತದೆ.

"ಮಾದ, ತಮಟೆ ತಗಂಡ್ ಬಾರ್‍ಲಾ."

ಮಾದಯ್ಯ ಎದ್ದು ನಿಂತ. "ತಮಟೆ ಇಸ್ಕೂಲ್ದು ಬುದ್ದಿ. ಮಕ್ಕಳ್ನ ಕೇಳ್ಬೇಕು."

ಪಟೇಲರು ಮಕ್ಕಳ ಕಡೆ ನೋಡಿದರು. ಮಕ್ಕಳು ದೇವೀರಿಯ ಕಡೆ ನೋಡಿದವು.

"ತಾತ ಸತ್ತೋದ್ರಾ?" ಎಂದಳು ದೇವೀರಿ.

"ಊಂ" ಎಂದರು ಪಟೇಲರು.

ಅವಳ ಕಣ್ಣಿನಲ್ಲಿ ನೀರು ಬಂತು. ಅವರ ಮನೆಯ ಹೊರಗೆ ಅವತ್ತು ಆ ಮುದುಕರಿಗಾಗಿ ಅತ್ತ ಮೊದಲ ಕಣ್ಣು ಅದು.

"ನಾವು ಎಣದ ಮುಂದೆ ಇಂದಿಂದಕ್ಕೆ ನಡೆಯಾಕಿಲ್ಲ. ತಾತನೇ ಇಲ್ಲಿಗೆ ಬರ್‍ಲಿ. ದಿನಾ ಬತ್ತಿದ್ರಲ್ಲ."

ನಾನು ಕೆಸರಿನಿಂದ ಕಾಲು ಕಿತ್ತು ಮುಂದೆ ಬಂದೆ. "ಇನ್ನೊಂದು ಮಾತು ಅದೆ ಬುದ್ದಿ. ಆ ಉಲ್ಲಿನ ಮಾತು."

"ಆಯ್ತು ಬುಡಮ್ಮಿ, ಬುಟ್ಟೆ."

"ನಂಗಲ್ಲ. ಅವಳ ಮಕ ನೋಡಿ ಯೋಳಿ."

ಪಟೇಲರ ಮೀಸೆ ಅದುರಿತು. ಊರಿನ ಕಡೆ ತಿರುಗಿ ನೋಡಿದರು. ಅಲ್ಲಿ ಹೊಗೆ. ತಿರುಗಿ ನನ್ನ ಮಗಳನ್ನು ನೋಡಿದರು. "ಇನ್ಮ್ಯಾಕೆ ಯಾವ ಮಗೀಗೂ ಉಲ್ಲು ಕಚ್ಚಿಸಾಕಿಲ್ಲ. ಈ ಇಸ್ಕೂಲು ತಂಟೆಗೂ ಬರಾಕಿಲ್ಲ" ಎಂದರು. ಎಲ್ಲರಿಗೂ ಕೇಳಿಸಿತು. ಚಲುವಮ್ಮ ಮಾತ್ರ, "ನಂಗೆ ಕಿವಿ ಮಂದ, ಇನ್ನೊಂದ್ ಸಲ" ಎಂದಳು. ಅವರು ಇನ್ನೊಂದು ಸಲ ಹೇಳಬೇಕಾಯಿತು.

ಮಕ್ಕಳು ತಮಟೆ ಕಾಯಿಸಿದವು. ಶಾಲೆಯ ಅಂಗಳದಿಂದಲೇ ಪೆಟ್ಟು ಎದ್ದಿತು. ಗಾಳಿ ಹಿಡಿದು ಊರಿಗೆ ನಡೆಯಿತು. ನಾವು ನೋಡುತ್ತಿದ್ದಂತೆ ಹೊಗೆ ಒಂದೊಂದಾಗಿ ಆರಿತು. ಗಂಟೆ ನಿಂತಿತು. ಆಗ ಚಿಕ್ಕಬೋರೇಗೌಡರು ಸತ್ತರು.

ಮುಂದೆ ತಮಟೆಯಿಲ್ಲದೆ ಮೆರವಣಿಗೆ ಏರಿಯ ಮೇಲೆ ಬಂತು. ಊರೇ ಬಂದಿತ್ತು. ಹಿಂದೆ ಸೌದೆ ಗಾಡಿ, ಗಾಡಿಗೆ ಕೆಂದೆತ್ತು. ಶಾಲೆಯ ಎದುರು, ಆ ಬೇವಿನ ಮರದಡಿ ಚಟ್ಟ ಇಳಿಸಿದರು. ಮಕ್ಕಳು ಅಂಗಳದಲ್ಲಿ ನಿಂತಿದ್ದವು, ಒಬ್ಬರೂ ಹಿಮ್ಮುಖವಾಗಿರಲಿಲ್ಲ. ದೇವೀರಿ ತಮಟೆ ಎತ್ತಿಕೊಂಡಳು.

ಪೆಟ್ಟು ನಿಲ್ಲುವ ತನಕ ಚಟ್ಟ ಎತ್ತುವಂತಿಲ್ಲ. ಅದು ಅವರದೇ ಕಟ್ಟಳೆ. ಮಕ್ಕಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಸಾವಿನ ಪೆಟ್ಟು ಬಾರಿಸಿದವು. ಅದರ ಮೇಲೆಯೇ ಮದುವೆ ಪೆಟ್ಟು, ದೇವರ ಪೆಟ್ಟು, ಮಳವಳ್ಳಿಯವರು ಕಲಿಸಿದ್ದು. ದೇವಯ್ಯ ಸಂತೋಷ ತಡೆಯಲಾರದೆ ಹಾರ್ಮೋನಿಯಂ ತಂದು ಕೂತ. ಸ, ರಿ ಎಂದ. ಕೈ ಎತ್ತಿದ. ಗಾ ಎಂದು ಆ ಕೇರಿ ಈ ಕೇರಿಯ ಮಕ್ಕಳೆಲ್ಲ ಕೂಗಿದವು. ತಮಟೆ ಅಡಿಯಲ್ಲಿ ನಡೆಯುತ್ತಲೇ ಇತ್ತು, ಮೇಲೆ ಸರಳೆಯ ಸ್ವರ ಪಾಠ, ಆಮೇಲೆ ಚಲುವಮ್ಮನ ಸೋಬಾನೆ. ಭಜನೆ ಮನೆಯವರೆಲ್ಲ ತಲೆವಸ್ತ್ರ ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನಿಂತು ಕೇಳಿದರು. "ಬಿರ್‍ನೆ ಮುಗಿಸ್ರಲಾ" ಎಂದು ಅವತ್ತು ಒಬ್ಬರೂ ಅನ್ನಲಿಲ್ಲ. ಪಟೇಲರು ಅಪ್ಪನ ತಲೆಯ ಹತ್ತಿರ ನಿಂತಿದ್ದರು. ಪಾಠವೆಲ್ಲ ಮುಗಿದ ಮೇಲೆ ದೇವೀರಿ ಚಟ್ಟದ ಕಡೆ ತಿರುಗಿ, ತಾತನಿಗೆ ಬೇಕಾಗಿದ್ದ ಮುಕ್ತಾಯ ಹಿಡಿದಳು. ಅದು ಮೂರು ಸಲ ತಿರುಗಿ ಧಡ್ ಎಂದು ನಿಂತಿತು.

ಅದಾದ ಮೇಲೂ ಅವರು ಚಟ್ಟ ಎತ್ತಲಿಲ್ಲ. ಮುಗಿಯಿತೋ ಇನ್ನೂ ಇದೆಯೋ ತಿಳಿಯದೆ ನಿಂತೇ ಇದ್ದರು. ಇನ್ನೂ ಇದೆ ಎನ್ನುವ ಹಾಗೆ ದೇವೀರಿ ಬಾಯಿ ತೆರೆದು ಹಾಡತೊಡಗಿದಳು, ಅವತ್ತು ಚರಂಡಿಯ ಈಚೆ ನಿಂತು ಹಾಡಿದ ಅದೇ ಭಜನೆ, ಅಂದಿಗಿಂತ ಗಟ್ಟಿಯಾಗಿ. ಗಾಡಿಯ ಕೆಂದೆತ್ತು ಕತ್ತು ಚಾಚಿ ಏರಿಯ ಮಗ್ಗುಲಿನಲ್ಲಿ ಮೇಯುತ್ತಿತ್ತು. ಹುಲ್ಲು ಅದರ ಬಾಯಲ್ಲಿತ್ತು.